ಹಿಂದಿನ ಸೀಟಿನ ನೀಲಿ ಪೆಟ್ಟಿಗೆ

ಕಾರು ಸದ್ದೇ ಇಲ್ಲದೆ ಸತ್ತಿತು. ಕೆಮ್ಮಲಿಲ್ಲ, ನಡುಗಲಿಲ್ಲ. ಪರದೆಯ ಮೇಲೆ ಅರವತ್ತೊಂದು ಪರ್ಸೆಂಟ್ ಚಾರ್ಜ್ ಎಂಬ ಹಸಿರು ಅಂಕಿ ಇತ್ತು. ಕಣ್ಣು ಮಿಟುಕಿಸುವಷ್ಟರಲ್ಲಿ ಪರದೆಯೇ ಕಪ್ಪಾಯಿತು. ಡ್ರೈವರ್ ಉಳಿದ ವೇಗದಲ್ಲೇ ಅದನ್ನು ಹೆದ್ದಾರಿಯ ಅಂಚಿಗೆ ತಂದು ನಿಲ್ಲಿಸಿದ.

ನರ್ಸ್ ಗಡಿಯಾರ ನೋಡಿಕೊಂಡಳು. ಮಧ್ಯಾಹ್ನ ಮೂರು ಹತ್ತು. ಹಿಂದಿನ ಸೀಟಿನಲ್ಲಿ ಬೆಲ್ಟ್ ಬಿಗಿದು ಕೂರಿಸಿದ್ದ ನೀಲಿ ಪೆಟ್ಟಿಗೆಯೊಳಗೆ, ಮಂಜುಗಡ್ಡೆಯ ನಡುವೆ, ಒಂದು ಲಿವರ್ ಇತ್ತು. ಇಪ್ಪತ್ತೆಂಟು ಕಿಲೋಮೀಟರ್ ಆಚೆಯ ದೊಡ್ಡಾಸ್ಪತ್ರೆಯಲ್ಲಿ ಇಬ್ಬರು ಮಕ್ಕಳ ತಾಯಿಯೊಬ್ಬಳನ್ನು ಆಗಲೇ ಆಪರೇಷನ್ ಟೇಬಲ್ ಮೇಲೆ ಮಲಗಿಸಿದ್ದರು. ನಾಲ್ಕರೊಳಗೆ ತಲುಪದಿದ್ದರೆ ತಂದೂ ಪ್ರಯೋಜನವಿಲ್ಲ ಎಂದು ಡಾಕ್ಟರು ಎರಡೆರಡು ಸಲ ಹೇಳಿ ಕಳಿಸಿದ್ದರು.

ಅವಳು ಡ್ಯೂಟಿಗೆ ಬಂದದ್ದೇ ಎರಡು ಗಂಟೆಗೆ. ಬ್ಯಾಗು ಇಡುವ ಮೊದಲೇ ಪೆಟ್ಟಿಗೆ ಕೈಗೆ ಬಂತು. ಅದರ ಮೇಲೆ ಹೆಸರಿರಲಿಲ್ಲ, ನಂಬರ್ ಮಾತ್ರ. ಆಂಬುಲೆನ್ಸ್ ಎರಡೂ ಹೊರಗೆ ಹೋಗಿದ್ದವು. ಗೇಟಿನ ಬಳಿ ಈ ಟ್ಯಾಕ್ಸಿ ನಿಂತಿತ್ತು. ಹಿರಿಯ ಸಿಸ್ಟರ್ "ಇವರ ಜೊತೆ ಹೋಗು, ಬೇಗ" ಎಂದಷ್ಟೇ ಹೇಳಿ ಹತ್ತಿಸಿದ್ದರು. ಡ್ರೈವರನ್ನು ನೋಡಿದಾಗಲೇ ಅವಳಿಗೆ ಅಳುಕಾಗಿತ್ತು. ಕೆದರಿದ ಗಡ್ಡ, ಮುದುಡಿದ ಅಂಗಿ, ನಿದ್ದೆ ಕಾಣದ ಕೆಂಪು ಕಣ್ಣು. ಬಾಡಿಗೆಯ ಆಸೆಗೆ ಹಗಲೂ ರಾತ್ರಿ ಓಡಿಸುವವನಿರಬೇಕು ಅಂದುಕೊಂಡಳು. ಆದರೂ ಪೆಟ್ಟಿಗೆಗೆ ಬೆಲ್ಟ್ ಹಾಕಿದ್ದು ಅವನೇ.

ಇಬ್ಬರೂ ಕೆಳಗಿಳಿದರು. ಅವನು ಬಾನೆಟ್ ಕಡೆ ಕೈ ತೋರಿಸಿದ.

"ದೊಡ್ಡ ಬ್ಯಾಟರಿ ತುಂಬಿದೆ ಸಿಸ್ಟರ್. ಇಲ್ಲೊಂದು ಚಿಕ್ಕದಿರುತ್ತೆ, ಅದು ಸತ್ತಿದೆ. ಚಿಕ್ಕದು ಸತ್ರೆ ದೊಡ್ಡದು ಇದ್ದೂ ಇಲ್ಲದ ಹಾಗೆ."

"ಇಂಥ ಕಾರು ಯಾಕ್ರೀ ತಗೊಂಡ್ರಿ?" ಅವಳ ದನಿ ಚೀರಿತು.

"ಮಗಳ ಹಟ. ಹೊಗೆ ಇಲ್ಲ, ಸದ್ದಿಲ್ಲ, ಇದೇ ತಗೋ ಅಂದ್ಲು."

ಅವಳು ದೊಡ್ಡಾಸ್ಪತ್ರೆಗೆ ಫೋನ್ ಮಾಡಿದಳು. ಗಾಡಿ ಕಳಿಸುತ್ತೇವೆ, ಬರಲು ಅರ್ಧ ಗಂಟೆ ಎಂದರು. ಬರಲು ಅರ್ಧ, ಹೋಗಲು ಅರ್ಧ. ಪೆಟ್ಟಿಗೆ ತೆಗೆದುಕೊಂಡು ಯಾವುದಾದರೂ ಗಾಡಿ ಹತ್ತಬೇಕು ಎಂದು ಹಿಂದಿನ ಬಾಗಿಲಿಗೆ ಕೈ ಹಾಕಿದರೆ ಹಿಡಿಯೇ ಸಿಗಲಿಲ್ಲ. ಬಾಗಿಲಿನ ಮೈಗೆ ಅಂಟಿಕೊಂಡಿದ್ದ ಹಿಡಿಗಳು ಕರೆಂಟಿಲ್ಲದೆ ಹೊರಗೆ ಬರಲೊಲ್ಲವು. ಒಳಗಿನಿಂದ ಮಾತ್ರ ತೆರೆಯುತ್ತಿದ್ದ ನಾಲ್ಕು ಬಾಗಿಲೂ ಈಗ ಮುಚ್ಚಿದ್ದವು. ಗಾಜಿನಾಚೆ ಪೆಟ್ಟಿಗೆ ಬಿಸಿಲಲ್ಲಿ ಕೂತಿತ್ತು.

ಅವನು ರಸ್ತೆ ಬದಿಯಿಂದ ಕಲ್ಲೊಂದನ್ನು ಎತ್ತಿಕೊಂಡ.

"ಹಿಂದಿನ ಗಾಜು ಒಡೀರಿ, ಅಲ್ಲೇ ಇದೆಯಲ್ಲ!"

"ಬೇಡ. ಚೂರು ಮೇಲೆ ಬೀಳುತ್ತೆ."

ಮುಂದಿನ ಗಾಜಿಗೆ ಹೊಡೆದ. ಮೂರನೇ ಏಟಿಗೆ ಅದು ಪುಡಿಯಾಯಿತು. ಹರಳಿನ ನಡುವೆಯೇ ಕೈ ತೂರಿಸಿ ಬಾಗಿಲು ತೆಗೆದು, ಸೀಟುಗಳ ಸಂದಿಯಲ್ಲಿ ನುಸುಳಿ, ಬೆಲ್ಟ್ ಬಿಚ್ಚಿ ಪೆಟ್ಟಿಗೆಯನ್ನು ಎದೆಗವಚಿಕೊಂಡು ಬಂದ. ಮುಂಗೈಯಿಂದ ರಕ್ತ ಸುರಿಯುತ್ತಿತ್ತು.

"ಕಾರು ನಿಮ್ದೇ ಅಲ್ವಾ? ಹೊಸದು..."

"ಇನ್ಯಾರಿಗೆ ಬಿಡಿ ಸಿಸ್ಟರ್, ಈ ಕಾರು."

ಗಾಡಿಗಳು ಹಾರನ್ ಹೊಡೆದು ಸರ್ರನೆ ಹೋಗುತ್ತಿದ್ದವು. ಅವಳು ಎರಡೂ ಕೈ ಬೀಸಿದಳು, ಕೂಗಿದಳು, ಬಿಳಿ ಯೂನಿಫಾರ್ಮ್ ತೋರಿಸಿದಳು. ಮೂರು ಇಪ್ಪತ್ತೆಂಟು. ಯಾರೂ ನಿಲ್ಲಿಸಲಿಲ್ಲ. ಆಗ ಅವನು ಪೆಟ್ಟಿಗೆಯನ್ನು ಅವಳ ಕೈಗಿತ್ತು ನಡುರಸ್ತೆಗೇ ಹೋಗಿ ಕೈ ಅಗಲಿಸಿ ನಿಂತುಬಿಟ್ಟ. ಲಾಂಡ್ರಿಯ ವ್ಯಾನೊಂದು ಕಿರ್ರೆಂದು ಅವನಿಂದ ಗೇಣು ದೂರದಲ್ಲಿ ನಿಂತಿತು.

"ಸಾಯೋಕೆ ನನ್ನ ಗಾಡೀನೇ ಬೇಕಿತ್ತೇನಯ್ಯಾ?" ವ್ಯಾನಿನವನು ಬಾಯಿಗೆ ಬಂದಂತೆ ಬೈದ.

"ಸಾಯೋದಲ್ಲಪ್ಪ. ಬದುಕಿಸೋದಿದೆ. ಕಾಲಿಗೆ ಬೀಳ್ತೀನಿ."

ಪೆಟ್ಟಿಗೆ ನೋಡಿದ ವ್ಯಾನಿನವನು ಇಳಿದು ಹಿಂಬಾಗಿಲು ತೆರೆದ. ಹಿಂದೆ ಹೋಟೆಲಿನ ಬಟ್ಟೆ ಗಂಟುಗಳ ನಡುವೆ ಇಬ್ಬರೂ ಕುಳಿತರು. ವ್ಯಾನು ಬಿಟ್ಟ ಬಾಣದಂತೆ ಹೊರಟಿತು. ಡ್ರೈವರ್ ಪೆಟ್ಟಿಗೆಯನ್ನು ಮತ್ತೆ ತನ್ನ ತೊಡೆಯ ಮೇಲೆ ಇಟ್ಟುಕೊಂಡಿದ್ದ.

"ನನಗೆ ಕೊಡಿ. ಅದು ನನ್ನ ಜವಾಬ್ದಾರಿ," ಎಂದಳು ನರ್ಸ್.

"ಇರಲಿ ಸಿಸ್ಟರ್. ಅಲ್ಲೀವರೆಗೆ ನಾನೇ ಹಿಡ್ಕೋತೀನಿ." ಸ್ವಲ್ಪ ಹೊತ್ತಿನ ಮೇಲೆ ಕೇಳಿದ, "ಆಯಮ್ಮನ ಮಕ್ಕಳು ಎಷ್ಟು ದೊಡ್ಡವ್ರು?"

"ಒಂದಕ್ಕೆ ಆರು, ಇನ್ನೊಂದಕ್ಕೆ ಎರಡಂತೆ."

ಅವನು ತಲೆಯಾಡಿಸಿದ. ಪ್ರತಿ ಗುಂಡಿಗೂ ಪೆಟ್ಟಿಗೆಯನ್ನು ಗಾಳಿಯಲ್ಲಿ ಎತ್ತಿ ಹಿಡಿದ. ಸಿಗ್ನಲ್ ಒಂದರಲ್ಲಿ ವ್ಯಾನು ಸಿಕ್ಕಿಬಿದ್ದಾಗ ನರ್ಸಿಗೆ ಅಳು ತಡೆಯಲಾಗಲಿಲ್ಲ. ಅವನು ತಲೆ ತಗ್ಗಿಸಿಕೊಂಡೇ ಮೆಲ್ಲಗೆ ಹೇಳಿದ: "ಬಂದೇಬಿಡ್ತು ಮಗಳೇ. ಇನ್ನೊಂಚೂರು ತಡ್ಕೋ." ಅಪರಿಚಿತನ ಆ ಸಮಾಧಾನದ ಮಾತಿಗೆ ಅವಳಿಗೆ ನಾಚಿಕೆಯಾಯಿತು. ಕಣ್ಣೊರೆಸಿಕೊಂಡಳು.

ಮೂರು ಐವತ್ತಾರಕ್ಕೆ ಅವರು ಆಪರೇಷನ್ ಥಿಯೇಟರಿನ ಬಾಗಿಲಲ್ಲಿದ್ದರು. ಹಸಿರು ನಿಲುವಂಗಿಯವರು ಕೈ ಚಾಚಿದರು. ಅವನು ಬಿಡಲಿಲ್ಲ. ನರ್ಸೇ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

ಹತ್ತು ನಿಮಿಷದ ಮೇಲೆ ಕಿರಿಯ ಡಾಕ್ಟರೊಬ್ಬ ಬಾಗಿಲಿನಿಂದ ತಲೆ ಹೊರಹಾಕಿದ. "ಚೆನ್ನಾಗಿದೆ. ಜೋಡಿಸ್ತಿದಾರೆ."

ಡ್ರೈವರ್ ಬೆಂಚಿನ ಮೇಲೆ ಕುಸಿದ. ಅವನ ಹೆಗಲು ಕುಲುಕುತ್ತಿತ್ತು. ನರ್ಸ್ ಅವನ ಕೈಗೆ ಬ್ಯಾಂಡೇಜು ಸುತ್ತತೊಡಗಿದಳು.

"ಆಯಮ್ಮ ನಿಮ್ಮ ಕಡೆಯವರಾ ಅಣ್ಣ?"

"ಈಗ ಆದ್ರು ಸಿಸ್ಟರ್."

ಒಳ್ಳೆಯ ಮನುಷ್ಯ, ಸುಮ್ಮನೆ ಸಂಶಯಪಟ್ಟೆ ಅನ್ನಿಸಿತು ಅವಳಿಗೆ. "ಮನೆಗೆ ಹೋಗಿ ಮಲಗಿ. ಮಗಳು ಕಾಯ್ತಿರ್ತಾಳೆ."

"ಹೌದು," ಎಂದ ಅವನು. "ಕಾಯ್ತಿದಾಳೆ."

ಅಷ್ಟರಲ್ಲಿ ಅವಳ ಫೋನು ಹೊಡೆದುಕೊಂಡಿತು. ಹಿರಿಯ ಸಿಸ್ಟರ್.

"ತಲುಪಿದ್ರಾ? ಸದ್ಯ. ಸರಿ, ಆ ಟ್ಯಾಕ್ಸಿಯವರಿಗೆ ಫೋನ್ ಕೊಡು. ಹುಡುಗಿಯ ದೇಹ ಒಪ್ಪಿಸಬೇಕು, ಅಪ್ಪನ ಸಹಿ ಇಲ್ಲದೆ ಕೊಡೋ ಹಾಗಿಲ್ಲ."