ರೊಟ್ಟಿ ಬಡಿಯಲು ಬಿಡದ ಅತ್ತೆ

ರೊಟ್ಟಿ ಬಡಿಯುವ ಸದ್ದಿಗೆ ನಿದ್ದೆಯಿಂದ ಎದ್ದು ಬೆಳೆದವರು ಇದನ್ನು ಓದಲೇಬೇಕು...

ಬಾಗಲಕೋಟೆಯಲ್ಲೊಂದು ರೊಟ್ಟಿ ಕೇಂದ್ರ. ಅಲ್ಲಿ ನೀಲವ್ವ ಬಡಿದ ಜೋಳದ ರೊಟ್ಟಿ ಅಂದರೆ ಜನ ಕಣ್ಣು ಮುಚ್ಚಿ ಒಯ್ಯುತ್ತಿದ್ದರು. ಅಷ್ಟು ತೆಳು, ಅಷ್ಟು ದುಂಡು!

ಕೈಗುಣ ಚೆನ್ನಾಗಿದೆ ಅಂತ ಮಾಲಕಿ ಆಕೆಗೆ ಬಡಿಯುವ ಕೆಲಸವನ್ನೇ ಕೊಟ್ಟರು. ನಾದಲು ಬೇರೆಯವರು, ಬೇಯಿಸಲು ಬೇರೆಯವರು... ನೀಲವ್ವ ಬೆಳಿಗ್ಗೆಯಿಂದ ಸಂಜೆವರೆಗೆ ಬರೀ ಬಡಿಯುವುದು.

ಎರಡು ವರ್ಷದಲ್ಲಿ ಬೆರಳು ಜೋಮು ಹಿಡಿಯತೊಡಗಿದವು. ಹೇಳಿದರೆ ಕೆಲಸ ಹೋದೀತು ಅಂತ ಬಾಮು ಹಚ್ಚಿಕೊಂಡು ಸುಮ್ಮನಿದ್ದಳು.

ಒಂದು ದಿನ ರೊಟ್ಟಿ ಎತ್ತುವಾಗ ಕೈಯಿಂದ ಜಾರಿ ಹರಿದು ಬಿತ್ತು... ಮಾಲಕಿಯೇ ಆಸ್ಪತ್ರೆಗೆ ಕರೆದುಕೊಂಡು ಹೋದರು.

ಡಾಕ್ಟರ್ ಮಣಿಕಟ್ಟು ಒತ್ತಿ ನೋಡಿದರು. "ದಿನಾಪೂರ್ತಿ ಅದೇ ಕೈ, ಅದೇ ಕೆಲಸ. ನರ ಒತ್ತಿಕೊಂಡದ. ಸ್ವಲ್ಪ ದಿನ ಪಟ್ಟಿ ಕಟ್ಕೊಂಡು ಕೈಗೆ ಆರಾಮ ಕೊಡ್ರಿ. ಆಮ್ಯಾಲ ಅರ್ಧ ತಾಸಿಗೊಮ್ಮೆ ಕೆಲಸ ಬದಲಿ ಮಾಡ್ಕೋರಿ."

"ನಾಳಿಂದ ಎಲ್ಲಾರೂ ಸರದಿ ಪ್ರಕಾರ ಬಡಿಯೂಣು. ನಿನ್ನ ಕೆಲಸ ಎಲ್ಲಿಗೂ ಹೋಗೂದಿಲ್ಲ," ಅಂದರು ಮಾಲಕಿ.

"ಮೊದಲು ಮನ್ಯಾಗ ಬಡೀವಾಗ ಹಿಂಗ ಆಗತಿತ್ತೇನು?" ಡಾಕ್ಟರ್ ಕೇಳಿದರು.

"ಇಲ್ರಿ ಸಾಹೇಬ್ರ. ಹದಿನೆಂಟು ಮಂದಿ ಮನಿ, ದಿನಾ ನೂರು ರೊಟ್ಟಿ... ಆದ್ರ ನಮ್ಮತ್ತಿಯವರು ಬಡೀಲಿಕ್ಕೆ ಎಲ್ಲಿ ಬಿಡತಿದ್ರು? ಇಪ್ಪತ್ತು ಆಗೂದ್ರಾಗ ಎಬ್ಬಿಸಿ ಒಲಿ ಮುಂದ ಕೂಡಸ್ತಿದ್ರು. ಆಮ್ಯಾಲ ಹಿಟ್ಟು ನಾದು ಅಂತಿದ್ರು..."

ಹೇಳುತ್ತಾ ಹೇಳುತ್ತಾ ನೀಲವ್ವ ತನ್ನ ಮಣಿಕಟ್ಟು ನೋಡಿಕೊಂಡಳು. ಡಾಕ್ಟರ್ ಈಗ ಹೇಳಿದ್ದನ್ನೇ ಅತ್ತೆ ಅಂದು ಮಾಡಿಸಿದ್ದರು!

ಆ ಅಡುಗೆಮನೆ ಕಣ್ಣಿಗೆ ಕಟ್ಟಿತು. ಒಲೆಯ ಹೊಗೆ, ವಾರಗಿತ್ತಿಯರ ನಗು, ಬಿಸಿ ರೊಟ್ಟಿಗೆ ಸವರಿದ ಬೆಣ್ಣೆ... ಎಂಥ ದಿನಗಳವು!

ಆದರೂ ಆಗ 'ನನ್ನ ರೊಟ್ಟಿ ಅತ್ತೆಯ ಮನಸ್ಸಿಗೆ ಬರಲಿಲ್ಲ' ಅಂತ ನೊಂದುಕೊಂಡಿದ್ದಳು. ಇಪ್ಪತ್ತೆರಡು ವರ್ಷವಾದರೂ ಆ ಸಿಟ್ಟು ಹೋಗಿರಲಿಲ್ಲ. ಒಂದೇ ಮನೆಯಲ್ಲಿದ್ದರೂ ಅತ್ತೆಯೊಡನೆ ಬೇಕಾದಷ್ಟೇ ಮಾತು.

ಮನೆಗೆ ಬಂದವಳೇ ಅತ್ತೆಯ ಪಕ್ಕ ಕುಳಿತಳು.

"ಅತ್ತಿ, ಕೈ ಉಳೀಲಿ ಅಂತ ನನ್ನ ಎಬ್ಬಸ್ತಿದ್ರೇನು? ಒಂದು ಮಾತು ಹೇಳಬಾರದಾಗಿತ್ತಾ?"

"ಹೇಳಿದ್ರ ನೀ ಏಳತಿದ್ದಿಲ್ಲ, ಹುಚ್ಚಿ. 'ನನಗೇನೂ ಆಗಂಗಿಲ್ಲ' ಅಂತ ಹಠಾ ಮಾಡತಿದ್ದಿ. ನಾನೂ ಹಂಗ ಅಂದಾಕಿನ..."

ಅತ್ತೆ ಬಲಗೈ ಚಾಚಿ ಮುಷ್ಟಿ ಕಟ್ಟಲು ನೋಡಿದಳು. ಬೆರಳುಗಳು ಅರ್ಧಕ್ಕೇ ನಿಂತವು. ನೀಲವ್ವ ಅದನ್ನು ದಿನಾ ನೋಡಿದ್ದಳು, ವಯಸ್ಸಾಗಿದೆ ಅಂದುಕೊಂಡಿದ್ದಳು ಅಷ್ಟೇ.

"ನಾ ಸೊಸಿಯಾಗಿ ಬಂದಾಗ, ನನ್ನ ಎಬ್ಬಸವರು ಯಾರೂ ಇರಲಿಲ್ಲವ್ವ..."

ನೀಲವ್ವ ಆ ಕೈಯನ್ನು ಎದೆಗೊತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತುಬಿಟ್ಟಳು.

*ದುಡಿಯುವ ಕೈಗೆ ಹೊಗಳಿಕೆಗಿಂತ ಮೊದಲು ಬಿಡುವು ಬೇಕು.*

ಕೀಬೋರ್ಡೋ, ಹೊಲಿಗೆ ಮಷೀನೋ, ಲಟ್ಟಣಿಗೆಯೋ... ನಿಮ್ಮ ಮನೆಯಲ್ಲಿ ದಿನವಿಡೀ ದುಡಿಯುವವರಿಗೆ "ಸಾಕು, ಏಳು" ಅಂತ ನೀವು ಕೊನೆಯ ಸಲ ಹೇಳಿದ್ದು ಯಾವಾಗ?