ಕೀ ತೆಗೆದರೂ ನಿಲ್ಲದ ಗಾಡಿ

ಕೀ ತಿರುಗಿಸಿ ಕೈಗೆ ತೆಗೆದುಕೊಂಡ ಮೇಲೂ ಎಂಜಿನ್ ನಿಲ್ಲಲಿಲ್ಲ. ಬಿಳಿ ಅಂಬಾಸಿಡರ್ ಚಳಿಜ್ವರ ಬಂದವರಂತೆ ನಡುಗಿತು, ಡುಗುಡುಗು ಕೆಮ್ಮಿತು, ಕೊನೆಗೊಮ್ಮೆ ಢಬ್ಬೆಂದು ಸುಮ್ಮನಾಯಿತು. ತೋಟದಲ್ಲಿ ಹಣ್ಣು ಕೊಯ್ಯುತ್ತಿದ್ದ ಹೆಣ್ಣಾಳುಗಳು ತಲೆಯೆತ್ತಿ ನೋಡಿದರು.

"ಕೀ ನನ್ನ ಕೈಲಿದೆ. ಗಾಡಿ ಯಾರ ಕೈಲಿದೆ ಮಾರಾಯ?" ಎಂದ, ಅದನ್ನು ಕೊಳ್ಳಲು ಆಲ್ದೂರಿನಿಂದ ಬಂದಿದ್ದ ಮಲ್ಲೇಶ್. ಇಳಿದವನು ಮತ್ತೆ ಹತ್ತಲಿಲ್ಲ. ತನ್ನ ಬೈಕ್ ಒದ್ದು ಹೊರಟೇಹೋದ.

ಡ್ರೈವರ್ ಜವರಯ್ಯ ಬಾನೆಟ್ ಎತ್ತಿ ಇಣುಕಿದ. ಬೇರೆ ದಿನ ಹಸುವಿನ ಹಾಗೆ ನಿಲ್ಲುವ ಗಾಡಿ, ಕೊಳ್ಳುವವರು ಬಂದ ದಿನ ಮಾತ್ರ ಹೀಗಾಡುತ್ತಿತ್ತು. ಪೆಟ್ರೋಲಿಗೆ ಸೀಮೆಎಣ್ಣೆ ಬೆರೆತರೆ ಕಾದ ಎಂಜಿನ್ ಕಿಡಿ ಇಲ್ಲದೆಯೂ ಉರಿಯುತ್ತದೆ ಎಂದು ಬಣಕಲ್‌ನ ಮೆಕ್ಯಾನಿಕ್ ಹೇಳಿದ್ದ. ಅದಕ್ಕೇ ಜವರಯ್ಯ ಬೆಳಿಗ್ಗೆಯೇ ಟ್ಯಾಂಕ್ ಖಾಲಿ ಮಾಡಿ ಹೊಸ ಪೆಟ್ರೋಲ್ ಹಾಕಿಸಿದ್ದ. ಗಾಡಿ ಬಿಟ್ಟು ಕದಲಿರಲಿಲ್ಲ. ಕಾಫಿ ಕುಡಿಯಲು ಹೋದಾಗಲೂ ಯಜಮಾನರಾದ ಬಸವರಾಜಪ್ಪನವರನ್ನೇ ಕಾವಲಿಗೆ ನಿಲ್ಲಿಸಿ ಹೋಗಿದ್ದ.

ಯಜಮಾನರ ಹೆಂಡತಿ ರುದ್ರಾಣಮ್ಮ ಟ್ಯಾಂಕಿನ ಬಾಯಿ ಒರೆಸಿದ ಬೆರಳನ್ನು ಜವರಯ್ಯನ ಮೂಗಿಗೆ ಹಿಡಿದರು.

"ನೋಡು, ರೇಷನ್ ಅಂಗಡಿ ನೀಲಿ ಸೀಮೆಎಣ್ಣೆ. ಈ ಗಾಡೀನ ಮಾರಿ ಜೀಪು ತಗೊಂಡ್ರೆ ನನ್ನ ತಮ್ಮನೇ ಓಡಿಸ್ತಾನೆ. ಆಗ ಕೆಲ್ಸ ಹೋಗೋದು ಯಾರ್ದು?"

"ನನ್ ಮಕ್ಳಾಣೆ, ನಾನಲ್ಲ ಅಮ್ಮಾವ್ರೆ."

"ಮತ್ತೆ ದೆವ್ವ ಬಂದು ಸುರೀತಾ? ನಾಳೆಯಿಂದ ಬರ್ಬೇಡ."

ಜವರಯ್ಯ ಕೈಮುಗಿದ. ಸ್ಟಿಯರಿಂಗ್ ಬಿಟ್ಟರೆ ಅವನಿಗೆ ಬೇರೆ ಕಸುಬು ಗೊತ್ತಿರಲಿಲ್ಲ.

ಬಸವರಾಜಪ್ಪನವರು ಜಗಲಿಯಲ್ಲಿ ಕೂತು, ಪಂಚೆಯ ಅಂಚಿಗೆ ಹತ್ತಿದ್ದ ನೀಲಿ ಕಲೆಯನ್ನು ಉಜ್ಜುತ್ತಿದ್ದರು.

"ಸಾಕು ಬಿಡೇ. ಇವ್ನು ಸುರಿದಿದ್ದನ್ನ ಕಂಡೋರಿದಾರಾ? ಇನ್ನು ಈ ಗಾಡೀನ ಯಾರೂ ಮುಟ್ಟಲ್ಲ. ಇದು ಹೋಗ್ದೆ ಜೀಪು ಬರಲ್ಲ, ಜೀಪು ಬರ್ದೆ ನಿನ್ನ ತಮ್ಮನೂ ಬರಲ್ಲ. ಜವರಯ್ಯಾ, ನಾಳೆ ಹೊತ್ತಿಗೆ ಸರಿಯಾಗಿ ಬಾ."

"ನಿಮ್ಮ ತಲೆ!" ಎಂದು ರುದ್ರಾಣಮ್ಮ ದಡದಡನೆ ಒಳಗೆ ಹೋದರು.

ಕೆಲಸ ಉಳಿದ ಸಮಾಧಾನದಲ್ಲಿ ಜವರಯ್ಯ ಹತ್ತಿರ ಬಂದ. "ಪಂಚೆಗೇನು ಹತ್ತಿದೆ, ಯಜಮಾನ್ರೆ? ಒಗೆಯೋಕೆ ಹಾಕ್ಲಾ?"

"ಬೇಡ ಬೇಡ. ತೋಟಕ್ಕೆ ಹೊಡೀತಿದ್ರಲ್ಲ, ಕೊಳೆರೋಗಕ್ಕೆ ಮೈಲುತುತ್ತ, ಅದ್ರ ನೀಲಿ," ಎಂದು ಅವರು ಪಂಚೆಯನ್ನು ಮೇಲೆತ್ತಿ ಕಟ್ಟಿಕೊಂಡರು.

ಗೇಟಿನವರೆಗೆ ಹೋದ ಜವರಯ್ಯ ಗಕ್ಕನೆ ನಿಂತ. ಆಳುಗಳ ಬುಟ್ಟಿಗಳಲ್ಲಿ ಕೆಂಪು ಕಾಫಿ ಹಣ್ಣು ತುಂಬಿ ತುಳುಕುತ್ತಿತ್ತು.

ಮೈಲುತುತ್ತ ಹೊಡೆಯುವುದು ಮಳೆ ಹಿಡಿಯುವ ಮುಂಚೆ. ಈ ಕೊಯ್ಲಿನ ಕಾಲದಲ್ಲಿ ಇಡೀ ತೋಟದಲ್ಲಿ ಅದರ ಒಂದು ಹನಿಯೂ ಇರಲಿಲ್ಲ.