ಹನನೊಜೊನ ಸಾವಿನ ಚಿತ್ರ

ಹೆಸರಾಂತ ಕಬುಕಿ ನಾಟಕದ ನಟನೊಬ್ಬ ಸತ್ತರೆ ಅವನ ಚಿತ್ರವನ್ನು ಮರದ ಹಲಗೆಯಲ್ಲಿ ಕೆತ್ತಿ, ಕಾಗದಕ್ಕೆ ಅಚ್ಚು ಹಾಕಿ ಮಾರುವುದು ಜಪಾನಿನ ಎಡೋ ಪಟ್ಟಣದ ರೂಢಿ. ತೊಕುಜಿ ಅಂಥವನ್ನು ಬೇಕಾದಷ್ಟು ಕೆತ್ತಿದ್ದ. ಈ ಸಲ ಮಾತ್ರ ಉಳಿ ಹಿಡಿದವನು ಮತ್ತೆ ಕೆಳಗಿಡುತ್ತಿದ್ದ. ಕೆತ್ತಬೇಕಿದ್ದುದು ಹೆಣ್ಣು ವೇಷದಿಂದ ಊರನ್ನೆಲ್ಲ ಮರುಳು ಮಾಡಿದ್ದ ಹನನೊಜೊನ ಚಿತ್ರ; ಅವನು ಇನ್ನೂ ಬದುಕಿದ್ದ.

ಕೆಲಸ ಒಪ್ಪಿಸಿದ ಬಡಕಲು ಮನುಷ್ಯ ಬೆಳಗಾದರೆ ಬಾಗಿಲಿಗೆ ಬಂದು ನಿಲ್ಲುತ್ತಿದ್ದ.

“ಇನ್ನೂ ಆಗಲಿಲ್ಲವೇ?”

“ನಿನ್ನೆ ಅವರ ಆಟ ನೋಡಿ ಬಂದೆ ಸ್ವಾಮಿ. ಬಳ್ಳಿಯ ಹಾಗೆ ಬಳುಕಿ ಕುಣಿದರು. ಬದುಕಿರುವವರಿಗೆ ಇಂಥದ್ದು ಮಾಡಿಸಬಹುದೇ?”

“ಅವನು ಈ ಚಳಿಗಾಲ ದಾಟುವುದಿಲ್ಲ. ನೀನು ಬೇಗ ಮುಗಿಸು.”

ತೊಕುಜಿಗೆ ಅನ್ನ ಸೇರಲಿಲ್ಲ. ಇವನೇ ವಿಷ ಹಾಕುವವನಿರಬೇಕು ಎಂಬ ಗುಮಾನಿ ತಲೆ ಹೊಕ್ಕಿತು. ಸುಮ್ಮನಿದ್ದರೆ ಆ ಪಾಪ ತನಗೂ ತಟ್ಟುತ್ತದೆ ಎಂದುಕೊಂಡವನು, ಅಂದಿನ ಆಟ ಮುಗಿಯುತ್ತಲೇ ಜನರನ್ನು ತಳ್ಳಿಕೊಂಡು ಬಣ್ಣದ ಕೋಣೆಗೆ ನುಗ್ಗಿದ. ಹನನೊಜೊ ಬೆನ್ನು ಹಾಕಿ ಕೂತು, ಮುಖದ ಬಿಳಿ ಬಣ್ಣವನ್ನು ಒದ್ದೆ ಬಟ್ಟೆಯಿಂದ ಒರೆಸಿಕೊಳ್ಳುತ್ತಿದ್ದ.

“ಒಡೆಯಾ, ಯಾರೋ ನಿಮ್ಮ ಸಾವಿಗೆ ಕಾದು ಕೂತಿದ್ದಾರೆ. ನನ್ನ ಕೈಯಿಂದಲೇ ನಿಮ್ಮ ಸಾವಿನ ಚಿತ್ರ ಕೆತ್ತಿಸುತ್ತಿದ್ದಾರೆ. ಇವತ್ತೇ ಊರು ಬಿಟ್ಟು ಹೋಗಿ!”

ನಟ ನಿಧಾನವಾಗಿ ಇತ್ತ ತಿರುಗಿದ. ಬಣ್ಣ ಹೋದ ಕಡೆಯೆಲ್ಲ ಆ ಬಡಕಲು ಮನುಷ್ಯನ ಮುಖವಿತ್ತು.

“ಬಂದೆಯಲ್ಲ, ಕೂತುಕೋ,” ಎಂದ. “ಚಿತ್ರದಲ್ಲಿ ಮಾತ್ರ ಈ ಕಾಯಿಲೆಯ ಮುಖ ಬೇಡಪ್ಪ.”